ಗಾಜಿನ ತೊಟ್ಟಿಯಲ್ಲಿ ಹಸುರು: ಬೆಳಕು ಎಷ್ಟು? ಫಿಲ್ಟರ್ ಎಂಥದು?

ಮನೆಯ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ. ಅದರಲ್ಲಿ ನಾಲ್ಕಾರು ಬಗೆಯ ನೀರುಗಿಡಗಳು, ಎಲೆಗಳ ನಡುವೆ ನುಸುಳುವ ಪುಟ್ಟ ಮೀನುಗಳು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಬಹುಮಹಡಿ ವಸತಿಗಳಲ್ಲಿ ಅಂಗಳವಿಲ್ಲದವರಿಗೆ ಇದೇ ಕೈತೋಟ. ಆದರೆ ಈ ತೋಟ ಮಾಡಿದ ಅನೇಕರ ಅನುಭವ ಒಂದೇ ಬಗೆಯದು. ಮೊದಲ ವಾರ ಎಲ್ಲವೂ ಚೆನ್ನ. ಮೂರನೆಯ ವಾರ ಗಾಜಿನ ಮೇಲೆ ಹಸುರು ಪೊರೆ, ಎಲೆಗಳ ಮೇಲೆ ನೂಲಿನಂಥ ಪಾಚಿ. 'ಗಿಡಗಳಿಗೆ ಬೆಳಕು ಸಾಲದು' ಎಂದು ಇನ್ನೊಂದು ದೀಪ ತರುತ್ತಾರೆ. ಪಾಚಿ ಇಮ್ಮಡಿಸುತ್ತದೆ. 'ಫಿಲ್ಟರ್ ಚಿಕ್ಕದಾಯಿತು' ಎಂದು ದೊಡ್ಡದೊಂದನ್ನು ಕೊಳ್ಳುತ್ತಾರೆ. ವಾರವಾರವೂ ಅದನ್ನು ನಲ್ಲಿಯಡಿ ಉಜ್ಜಿ ತೊಳೆಯುತ್ತಾರೆ. ಮೀನುಗಳು ಒಂದೊಂದಾಗಿ ಸಾಯತೊಡಗುತ್ತವೆ. ಕೊನೆಗೆ ತೊಟ್ಟಿ ಅಟ್ಟ ಸೇರುತ್ತದೆ.

ತಪ್ಪು ಎಲ್ಲಾಯಿತು? ದೀಪದಲ್ಲೂ ಅಲ್ಲ, ಫಿಲ್ಟರಿನಲ್ಲೂ ಅಲ್ಲ. ಅವು ಮಾಡುವ ಕೆಲಸ ಏನು ಎಂಬುದನ್ನು ತಿಳಿಯದೆ ಹೋದದ್ದರಲ್ಲಿ. ಅದನ್ನು ತಿಳಿದರೆ ಕಡಿಮೆ ವಿದ್ಯುತ್ತು, ಕಡಿಮೆ ನೀರು, ಕಡಿಮೆ ಖರ್ಚಿನಲ್ಲಿ ತೊಟ್ಟಿ ವರ್ಷಗಟ್ಟಲೆ ಬಾಳುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಪ್ರಖರ ದೀಪ, ದಿನವೂ ಗೊಬ್ಬರ - ಇವು ಯಾವುವೂ ಇಲ್ಲದ ಇಂಥ ಸರಳ ತೊಟ್ಟಿಯನ್ನು ಕುರಿತೇ ಈ ಲೇಖನ.

ಕೊರತೆ ಇರುವುದು ಯಾವುದಕ್ಕೆ?

ಗಿಡಕ್ಕೆ ಬೆಳಕು, ನೀರು, ಕಾರ್ಬನ್ ಡೈಆಕ್ಸೈಡ್, ನೈಟ್ರೊಜನ್, ಫಾಸ್ಫರಸ್ ಮೊದಲಾದವು ಬೇಕು. ಇವುಗಳಲ್ಲಿ ಯಾವುದು ಅತಿ ಕಡಿಮೆಯೋ ಅದೇ ಬೆಳವಣಿಗೆಯ ವೇಗವನ್ನು ನಿರ್ಧರಿಸುತ್ತದೆ. ಉಳಿದವನ್ನು ಎಷ್ಟು ಸುರಿದರೂ ಪ್ರಯೋಜನವಿಲ್ಲ. 19ನೆಯ ಶತಮಾನದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯೂಸ್ಟುಸ್ ಫಾನ್ ಲೀಬಿಗ್ ಪ್ರಚಾರಕ್ಕೆ ತಂದ 'ಕನಿಷ್ಠ ನಿಯಮ' ಇದು. ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2010ರಲ್ಲಿ ಅಲ್ಲಿಗೆ ಮೇಲ್ಸೇತುವೆ ರಸ್ತೆ ತೆರೆಯಿತು. ಆದರೂ ಸಿಲ್ಕ್ ಬೋರ್ಡ್ ಕೂಡುರಸ್ತೆ ಎಷ್ಟು ವಾಹನಗಳನ್ನು ಬಿಡುತ್ತದೋ ಅಷ್ಟೇ ಮುಂದೆ ಹೋಗುತ್ತವೆ ತಾನೆ?

ತೊಟ್ಟಿಯ ಸಿಲ್ಕ್ ಬೋರ್ಡ್ ಎಂದರೆ ಕಾರ್ಬನ್. ಗಾಳಿಯೊಡನೆ ಸಮತೋಲದಲ್ಲಿರುವ 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಲೀಟರಿಗೆ ಸುಮಾರು 0.6 ಮಿಲಿಗ್ರಾಮ್ ಮಾತ್ರ. ಸಿಲಿಂಡರ್ ಇರುವ ತೊಟ್ಟಿಗಳಲ್ಲಿ ಇದನ್ನು 20-30 ಮಿಲಿಗ್ರಾಮಿಗೆ ಏರಿಸಿರುತ್ತಾರೆ. ಸಾಲದ್ದಕ್ಕೆ, ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಎಲೆಯ ಸುತ್ತಲಿನ ನೀರಿನಲ್ಲಿದ್ದುದು ಮುಗಿದರೆ ಹೊಸದು ಬರಲು ತಡವಾಗುತ್ತದೆ. ಸರಳ ತೊಟ್ಟಿಯಲ್ಲಿ ಮೀನಿನ ಉಸಿರು ಮತ್ತು ತಳದ ಮಣ್ಣಿನಲ್ಲಿ ಕೊಳೆಯುವ ಸಾವಯವ ವಸ್ತು ಇವೇ ಹೆಚ್ಚಿನ ಕಾರ್ಬನ್ನಿನ ಮೂಲ.

ಈಗ ಪ್ರಖರ ದೀಪ ಹಾಕಿದಿರಿ ಎನ್ನಿ. ದ್ಯುತಿಸಂಶ್ಲೇಷಣೆ ಭರದಿಂದ ನಡೆದು ಕಾರ್ಬನ್ ಬೇಗನೆ ಮುಗಿಯುತ್ತದೆ. ಗಿಡ ನಿಂತುಹೋಗುತ್ತದೆ. ಆದರೆ ಬೆಳಕು ಉರಿಯುತ್ತಲೇ ಇದೆ, ನೀರಿನಲ್ಲಿ ನೈಟ್ರೊಜನ್, ಫಾಸ್ಫೇಟುಗಳೂ ಉಳಿದಿವೆ. ಅಲ್ಪಸ್ವಲ್ಪ ಕಾರ್ಬನ್ನಿನಲ್ಲೂ ಬಾಳಬಲ್ಲ ಪಾಚಿಗೆ ಅದು ಹಬ್ಬ. ಆದ್ದರಿಂದ ಸರಳ ತೊಟ್ಟಿಯಲ್ಲಿ ಬೆಳಕನ್ನು ಆಯಬೇಕಾದದ್ದು ಕಾರ್ಬನ್ನಿನ ಅಳತೆಗೆ. ಗಿಡದ ಆಸೆಗೂ ಅಲ್ಲ, ನಮ್ಮ ಕಣ್ಣಿನ ಆಸೆಗೂ ಅಲ್ಲ.

ದೀಪ ಆಯುವ ಲೆಕ್ಕ

ಎಲೆಯ ಹಸುರಾದ ಕ್ಲೋರೊಫಿಲ್ ಮುಖ್ಯವಾಗಿ ನೀಲಿ ಮತ್ತು ಕೆಂಪು ಬೆಳಕನ್ನು ಹೀರುತ್ತದೆ. ದೀಪದ ಪೆಟ್ಟಿಗೆಯ ಮೇಲೆ ಬರೆದಿರುವ 'ಲುಮೆನ್' ಮನುಷ್ಯನ ಕಣ್ಣಿಗೆ ಕಾಣುವ ಪ್ರಕಾಶದ ಅಳತೆ. ನಮ್ಮ ಕಣ್ಣು ಹಸುರು ಬೆಳಕಿಗೆ, ಅಂದರೆ ಸುಮಾರು 555 ನ್ಯಾನೊಮೀಟರ್ ತರಂಗದೂರಕ್ಕೆ ಹೆಚ್ಚು ಸಂವೇದಿ. ಹಾಗಾಗಿ ಲುಮೆನ್ ಗಿಡಕ್ಕೆ ಸರಿಯಾದ ಅಳತೆಯಲ್ಲ. ಗಿಡಕ್ಕೆ ಒದಗುವ ಬೆಳಕನ್ನೇ ಅಳೆಯುವ ಮೀಟರುಗಳಿವೆ, ಆದರೆ ದುಬಾರಿ. ದೀಪ ಬಿಳಿಯ ಎಲ್‌ಇಡಿ ಆಗಿದ್ದರೆ ಒರಟು ಲೆಕ್ಕಕ್ಕೆ ಲುಮೆನ್ ಸಾಕು. ಬಿಳಿ ಎಲ್‌ಇಡಿಯೊಳಗೆ ನೀಲಿ ಬೆಳಕಿನ ಚಿಪ್ ಇದ್ದು, ಅದರ ಮೇಲಿನ ಫಾಸ್ಫರ್ ಲೇಪ ಒಂದು ಪಾಲನ್ನು ಹಳದಿ-ಕೆಂಪಿಗೆ ಬದಲಿಸುತ್ತದೆ. ಗಿಡಕ್ಕೆ ಬೇಕಾದ ಬಣ್ಣಗಳು ಅದರಲ್ಲಿ ಇವೆ. ಗುಲಾಬಿ-ನೇರಳೆ ಬಣ್ಣದ 'ವಿಶೇಷ' ದೀಪ ಅನಿವಾರ್ಯವಲ್ಲ. 6500 ಕೆಲ್ವಿನ್ ಎಂದು ಬರೆದ, ಹಗಲಿನ ಬೆಳಕಿನಂಥ ಸಾಮಾನ್ಯ ಪಟ್ಟಿ ದೀಪ ಸಾಕು.

ಎಷ್ಟು ಲುಮೆನ್? ಸಿಲಿಂಡರ್ ಇಲ್ಲದ ತೊಟ್ಟಿಗೆ ಲೀಟರಿಗೆ 10ರಿಂದ 20 ಲುಮೆನ್ ಎಂಬುದು ಹವ್ಯಾಸಿಗಳು ಅನುಭವದಿಂದ ಕಂಡುಕೊಂಡ ಮಿತಿ. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳಿ. ತಳದಲ್ಲಿ 6 ಸೆಂಟಿಮೀಟರ್ ಮಣ್ಣು-ಮರಳು, ಮೇಲೆ 3 ಸೆಂಟಿಮೀಟರ್ ಖಾಲಿ. ಉಳಿದ 27 ಸೆಂಟಿಮೀಟರಿನಲ್ಲಿ ಸುಮಾರು 48 ಲೀಟರ್ ನೀರು. ಲೀಟರಿಗೆ 15ರಂತೆ 720 ಲುಮೆನ್. ಒಂದು ವಾಟಿಗೆ 100 ಲುಮೆನ್ ಕೊಡುವ ಎಲ್‌ಇಡಿಯಾದರೆ 7-8 ವಾಟ್ ಸಾಕು! ಎರಡು ಅಡಿಯ ಹಳೆಯ ಟ್ಯೂಬ್‌ಲೈಟ್ ಇಷ್ಟೇ ಬೆಳಕಿಗೆ 20 ವಾಟ್ ತಿನ್ನುತ್ತಿತ್ತು. ಕೊಂಡ ದೀಪ ಪ್ರಖರವಾಯಿತೆನಿಸಿದರೆ ಎಸೆಯಬೇಡಿ. ಅದನ್ನು ಒಂದು ಗೇಣು ಮೇಲೆತ್ತಿ ಕಟ್ಟಿ, ಅಥವಾ ತೊಟ್ಟಿಯ ಕಾಲು ಭಾಗವನ್ನು ತೇಲುವ ಗಿಡಗಳಿಂದ ಮುಚ್ಚಿ.

ಅವಧಿಯೂ ಪ್ರಮಾಣದಷ್ಟೇ ಮುಖ್ಯ. ಮೊದಲ ತಿಂಗಳು ದಿನಕ್ಕೆ 6 ಗಂಟೆ; ಗಿಡಗಳು ಬೇರುಬಿಟ್ಟ ಮೇಲೆ 7-8 ಗಂಟೆ. ಇದನ್ನು ಒಂದೇ ಸಲ ಕೊಡಬೇಕಿಲ್ಲ. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಡಯಾನಾ ವಾಲ್‌ಸ್ಟಡ್ ಅವರು ಮಣ್ಣಿನ ತಳದ ಸರಳ ತೊಟ್ಟಿಗಳನ್ನು ಜನಪ್ರಿಯಗೊಳಿಸಿದವರು. ಬೆಳಕಿನ ನಡುವೆ ಕೆಲವು ಗಂಟೆಗಳ ವಿರಾಮ ಕೊಟ್ಟರೆ ಮುಗಿದ ಕಾರ್ಬನ್ ಡೈಆಕ್ಸೈಡ್ ಮತ್ತೆ ತುಂಬಿಕೊಳ್ಳುತ್ತದೆ ಎಂಬುದು ಅವರ ಸಲಹೆ. ಕೆಲಸಕ್ಕೆ ಹೋಗುವವರಿಗೆ ಇದು ಅನುಕೂಲವೇ. ಬೆಳಗ್ಗೆ 6ರಿಂದ 9, ಸಂಜೆ 6ರಿಂದ 10 ಎಂದು ಒಂದು ಟೈಮರಿಗೆ ಹೇಳಿಟ್ಟರೆ ಮನೆಯಲ್ಲಿರುವಾಗ ತೊಟ್ಟಿ ಬೆಳಗುತ್ತದೆ. ನೀವಿಲ್ಲದ ಹೊತ್ತಿನಲ್ಲಿ ತೊಟ್ಟಿ ತನ್ನ ಕಾರ್ಬನ್ ಕೂಡಿಸಿಕೊಳ್ಳುತ್ತದೆ. ಪಶ್ಚಿಮದ ಕಿಟಕಿಯ ಬಳಿ ಮಾತ್ರ ತೊಟ್ಟಿ ಬೇಡ. ಬೇಸಗೆಯ ಮಧ್ಯಾಹ್ನದ ಬಿಸಿಲು ಎಂಥ ದೀಪಕ್ಕಿಂತಲೂ ಪ್ರಖರ, ನೀರನ್ನೂ ಕಾಯಿಸುತ್ತದೆ.

ಫಿಲ್ಟರ್ ಎಂದರೆ ಜರಡಿಯಲ್ಲ

ಫಿಲ್ಟರ್ ಕಸವನ್ನು ಹಿಡಿಯುತ್ತದೆ, ನಿಜ. ಆದರೆ ಅದು ಅದರ ಸಣ್ಣ ಕೆಲಸ. ಮೀನಿನ ಕಿವಿರಿನಿಂದ, ಅದರ ಮಲದಿಂದ, ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತಲೇ ಇರುತ್ತದೆ. ಅದು ಕಣ್ಣಿಗೆ ಕಾಣದು. ಯಾವ ಜರಡಿಗೂ ಸಿಗದು. ಅದನ್ನು ಕೆಲವು ಬ್ಯಾಕ್ಟೀರಿಯಗಳು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅಮೋನಿಯ ಮತ್ತು ನೈಟ್ರೈಟ್ ಮೀನಿಗೆ ವಿಷ. ನೈಟ್ರೇಟ್ ಬಹುಮಟ್ಟಿಗೆ ನಿರಪಾಯ, ಗಿಡಗಳಿಗೆ ಆಹಾರ. ಎರಡನೆಯ ಹಂತದ ಕೆಲಸ ನೈಟ್ರೊಬ್ಯಾಕ್ಟರ್‌ನದು ಎಂದು ಬಹುಕಾಲ ನಂಬಲಾಗಿತ್ತು. ಸಿಹಿನೀರಿನ ತೊಟ್ಟಿಗಳಲ್ಲಿ ಅದನ್ನು ಮಾಡುವವು ನೈಟ್ರೊಸ್ಪೈರ ಎಂದು 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಈ ಬ್ಯಾಕ್ಟೀರಿಯಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಮೇಲ್ಮೈಗಳಿಗೆ ಅಂಟಿ ಬದುಕುತ್ತವೆ. ಸ್ಪಂಜಿನ ಸಾವಿರಾರು ರಂಧ್ರಗಳೇ ಅವುಗಳ ಓಣಿ-ಮನೆಗಳು. ಫಿಲ್ಟರ್ ಎಂದರೆ ಅವುಗಳ ವಸತಿ. ಅದನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಉಜ್ಜಿದಿರೋ, ಊರಿಗೆ ಊರೇ ನಾಶ. ಮತ್ತೆ ನೆಲೆಸಲು ವಾರಗಳು ಬೇಕು. ಆರಂಭದಲ್ಲಿ ಹೇಳಿದ ಮೀನುಗಳು ಸತ್ತದ್ದು ಹೀಗೆಯೇ. ಸ್ಪಂಜನ್ನು ಮೂರು-ನಾಲ್ಕು ವಾರಕ್ಕೊಮ್ಮೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲಗೆ ಹಿಂಡಿದರೆ ಸಾಕು. ಹೊಸ ತೊಟ್ಟಿಯಲ್ಲಿ ಈ ವಸತಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೊದಲು ಗಿಡ, ಆಮೇಲೆ ಮೀನು, ಅದೂ ಎರಡು-ಮೂರರಂತೆ.

ಗಿಡಗಳಿರುವ ತೊಟ್ಟಿಗೆ ಇನ್ನೊಂದು ಲಾಭವಿದೆ. ಬಹುಪಾಲು ನೀರುಗಿಡಗಳು ನೈಟ್ರೇಟಿಗಿಂತ ಮೊದಲು ಅಮೋನಿಯಂ ಅನ್ನೇ ಹೀರುತ್ತವೆ. ಅಂದರೆ ಗಿಡಗಳೂ ಫಿಲ್ಟರ್! ಇದರ ಬೆಲೆ ಎಷ್ಟೆಂದು ಒಂದು ಲೆಕ್ಕ ಮಾಡೋಣ. ಶೇಕಡ 40 ಪ್ರೋಟೀನ್ ಇರುವ ಮೀನಿನ ಆಹಾರ ಒಂದು ಗ್ರಾಮಿನಲ್ಲಿ ಸುಮಾರು 64 ಮಿಲಿಗ್ರಾಮ್ ನೈಟ್ರೊಜನ್ ಇದೆ. ಒಂದು ಮಿಲಿಗ್ರಾಮ್ ಅಮೋನಿಯ-ನೈಟ್ರೊಜನ್ ನೈಟ್ರೇಟ್ ಆಗಲು ಸುಮಾರು 4.6 ಮಿಲಿಗ್ರಾಮ್ ಆಕ್ಸಿಜನ್ ಬೇಕು. ಒಟ್ಟು 290ಕ್ಕೂ ಹೆಚ್ಚು. ನೀರಿನಲ್ಲಿ ಆಕ್ಸಿಜನ್ ಎಷ್ಟಿದೆ? ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಮ್ ಹಿಡಿಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಇಲ್ಲಿ ಸಿಗುವುದು ಸುಮಾರು 7.4 ಮಿಲಿಗ್ರಾಮ್. ನಮ್ಮ 48 ಲೀಟರಿಗೆ ಒಟ್ಟು 355. ಒಂದು ಗ್ರಾಮ್ ಆಹಾರದ ನೈಟ್ರೊಜನ್ ಪೂರ್ತಿಯಾಗಿ ನೈಟ್ರೇಟ್ ಆಗಬೇಕಾದರೆ ತೊಟ್ಟಿಯ ಆಕ್ಸಿಜನ್ನಿನ ಐದರಲ್ಲಿ ನಾಲ್ಕು ಪಾಲು ಬೇಕಾಗುತ್ತದೆ. ಗಿಡಗಳು ಅಮೋನಿಯಂ ಹೀರಿದಷ್ಟೂ ಆ ಆಕ್ಸಿಜನ್ ಮೀನಿಗೆ ಉಳಿಯುತ್ತದೆ. ಆಹಾರ ಒಂದು ಚಿಟಿಕೆ ಮೀರಬಾರದು ಎನ್ನುವುದಕ್ಕೂ ಇದೇ ಕಾರಣ.

ಯಾವ ಫಿಲ್ಟರ್?

ಅಂಗಡಿಯಲ್ಲಿ ಮೂರು ಬಗೆ ಕಾಣುತ್ತವೆ. ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್. ತೊಟ್ಟಿಯ ಅಂಚಿಗೆ ತೂಗುಹಾಕುವ ಅಥವಾ ಒಳಗೆ ಮುಳುಗಿಸುವ ಮೋಟಾರ್ ಫಿಲ್ಟರ್. ಹೊರಗಿಡುವ ಮುಚ್ಚಿದ ಡಬ್ಬಿ ಫಿಲ್ಟರ್. 50 ಲೀಟರಿನ ತೊಟ್ಟಿಗೆ ಗಂಟೆಗೆ 150-250 ಲೀಟರ್ ಹರಿವು, ಅಂದರೆ ನೀರಿನ ಮೂರರಿಂದ ಐದು ಪಟ್ಟು, ಸಾಕು. ಡಬ್ಬದ ಮೇಲೆ ಬರೆದಿರುವುದು ಖಾಲಿ ಫಿಲ್ಟರಿನ ಹರಿವು; ಸ್ಪಂಜು ತುಂಬಿ ಕಸ ಕೂತ ಮೇಲೆ ಅದು ಸಾಕಷ್ಟು ಇಳಿಯುತ್ತದೆ. ಗಿಡದ ಎಲೆಗಳು ಮೆಲ್ಲನೆ ತೂಗಬೇಕು, ನೀರಿನ ಮೇಲ್ಮೈ ಸಣ್ಣಗೆ ಕದಲಬೇಕು. ಅಷ್ಟು ಕದಲಿಕೆಯಿಂದ ರಾತ್ರಿ ಆಕ್ಸಿಜನ್ ಒಳಬರುತ್ತದೆ, ಹಗಲಿನ ಕೊನೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಕೂಡ.

ನಮ್ಮಲ್ಲಿ ಆಯ್ಕೆಯನ್ನು ತೀರ್ಮಾನಿಸುವ ಇನ್ನೊಂದು ಸಂಗತಿ ವಿದ್ಯುತ್ ಕಡಿತ. ಮುಚ್ಚಿದ ಡಬ್ಬಿಯಲ್ಲಿ ಹರಿವು ನಿಂತರೆ ಒಳಗಿನ ಬ್ಯಾಕ್ಟೀರಿಯಗಳು ಅಲ್ಲಿದ್ದ ಆಕ್ಸಿಜನ್ನನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿ, ಬಳಿಕ ಸಾಯತೊಡಗುತ್ತವೆ. ವಿದ್ಯುತ್ ಬಂದಾಗ ಆ ಕೊಳೆತ ನೀರು ನೇರ ತೊಟ್ಟಿಗೆ. ಸ್ಪಂಜ್ ಫಿಲ್ಟರ್ ತೊಟ್ಟಿಯ ನೀರಿನಲ್ಲಿಯೇ ತೆರೆದುಕೊಂಡಿರುವುದರಿಂದ ಹೆಚ್ಚು ಹೊತ್ತು ತಾಳುತ್ತದೆ. ಅದರ ಪಂಪು 3 ವಾಟ್ ಮಾತ್ರ. ಮನೆಯ ಕಂಪ್ಯೂಟರಿಗೆಂದು ಇಟ್ಟ ಯುಪಿಎಸ್ ಅದನ್ನು ಸಲೀಸಾಗಿ ನಡೆಸುತ್ತದೆ. 10 ವಾಟ್ ದೀಪ 7 ಗಂಟೆ, 3 ವಾಟ್ ಪಂಪು 24 ಗಂಟೆ: ದಿನಕ್ಕೆ 142 ವಾಟ್-ಗಂಟೆ, ತಿಂಗಳಿಗೆ ಸುಮಾರು ನಾಲ್ಕೂಕಾಲು ಯೂನಿಟ್. ಮೀನು ಕಡಿಮೆ, ಗಿಡ ಹೆಚ್ಚು ಇರುವ ತೊಟ್ಟಿಗೆ ಇದಕ್ಕಿಂತ ದೊಡ್ಡ ಏರ್ಪಾಡು ಬೇಕಿಲ್ಲ.

ನೀರು ಎಲ್ಲಿಂದ ಬಂತು?

ದೀಪ, ಫಿಲ್ಟರುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಹೊರವಲಯದ ಬಡಾವಣೆಗಳು ಬಹುಕಾಲ ಕೊಳವೆ ಬಾವಿ ಮತ್ತು ಟ್ಯಾಂಕರುಗಳನ್ನೇ ನಂಬಿದ್ದವು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ್ದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಜಾರಿಗೆ ಬಂತು. ಹಾಗಾಗಿ ಒಂದೇ ಕಟ್ಟಡದ ಸಂಪಿನಲ್ಲಿ ಎರಡು-ಮೂರು ಬಗೆಯ ನೀರು ಕೂಡಿರಬಹುದು.

ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಮ್, ಬೇರೆ ಮೂಲ ಇಲ್ಲದಿದ್ದರೆ 600. ಗಡಸು ನೀರು ಗಿಡಕ್ಕೆ ಶತ್ರುವಲ್ಲ. ಅದರಲ್ಲಿನ ಬೈಕಾರ್ಬೊನೇಟನ್ನೇ ಕಾರ್ಬನ್ ಮೂಲವಾಗಿ ಬಳಸಬಲ್ಲ ಗಿಡಗಳಿವೆ: ವ್ಯಾಲಿಸ್ನೇರಿಯ, ಹೈಡ್ರಿಲ್ಲ, ಸೆರಟೊಫಿಲಂ. ಇವು ನಮ್ಮ ಕೆರೆಕಟ್ಟೆಗಳವೇ. ಅವುಗಳ ಎಲೆಯ ಮೇಲೆ ಬಿಳಿ ಪೊರೆ ಕಂಡರೆ ರೋಗವೆಂದು ಹೆದರಬೇಡಿ. ಬೈಕಾರ್ಬೊನೇಟಿನ ಕಾರ್ಬನ್ ಹೀರಿದ ಮೇಲೆ ಕೂತ ಸುಣ್ಣ ಅದು. ಮೀನುಗಳಲ್ಲಿ ಗಪ್ಪಿ, ಮೋಲಿಗಳಿಗೆ ಗಡಸು ನೀರು ಒಗ್ಗುತ್ತದೆ. ಪಾಚಿಗಿಡಗಳ ಜಾತಿಗೆ ಸೇರಿದ ಮಾಸ್‌ಗಳು ಬೈಕಾರ್ಬೊನೇಟ್ ಬಳಸಲಾರವು. ಅವಕ್ಕೆ ಇದು ಸರಿಹೋಗದು. ನೀರು ತೀರ ಗಡಸಾಗಿದ್ದರೆ ಆರ್‌ಒ ನೀರನ್ನು ಸಮಪಾಲು ಬೆರೆಸಿ. ಗಡಸುತನ ಸುಮಾರು ಅರ್ಧಕ್ಕಿಳಿಯುತ್ತದೆ. ಬರೀ ಆರ್‌ಒ ನೀರಿನಲ್ಲಿ ಖನಿಜಗಳಿಲ್ಲ. ಅಪಾರ್ಟ್‌ಮೆಂಟಿನ ಸಾಫ್ಟನರ್ ದಾಟಿ ಬಂದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಬದಲು ಸೋಡಿಯಂ ಇರುತ್ತದೆ. ಎರಡೂ ಗಿಡಕ್ಕೆ ಹಿತವಲ್ಲ.

ಬಾವಿಯ ನೀರು ಗಾಳಿಗೆ ತೆರೆದುಕೊಂಡಾಗ ಅದರಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ. 8ರ ಆಸುಪಾಸಿಗೂ ಹೋಗಬಹುದು. ಇಲ್ಲಿ ಒಂದು ಎಚ್ಚರ. ಅಮೋನಿಯದ ವಿಷ ಪಿಎಚ್ ಜೊತೆಗೆ ಏರುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದ ಶೇಕಡ 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ರಲ್ಲಿ ಅದು ಶೇಕಡ 5ಕ್ಕೂ ಹೆಚ್ಚು. ಅದೇ ತಪ್ಪಿಗೆ ಗಡಸು ನೀರಿನ ತೊಟ್ಟಿಯಲ್ಲಿ ಸುಮಾರು ಒಂಬತ್ತು ಪಟ್ಟು ದಂಡ!

ಕಾವೇರಿ ನೀರು ಮೆದು, ಆದರೆ ಅದರಲ್ಲಿ ಕ್ಲೋರಿನ್ ಇದೆ. ಬಕೆಟ್ಟಿನಲ್ಲಿ ಗಾಳಿಯಾಡಿಸಿ ಒಂದು ದಿನ ಇಡಿ. ಅಥವಾ ಹಿಂದೆ ಫೋಟೊ ಸ್ಟುಡಿಯೊಗಳಲ್ಲಿ ಬಳಸುತ್ತಿದ್ದ ಹೈಪೊ, ಅಂದರೆ ಸೋಡಿಯಂ ಥಯೊಸಲ್ಫೇಟ್, ಅಂಗಡಿಯವರು ಹೇಳಿದ ಪ್ರಮಾಣದಲ್ಲಿ ಹಾಕಿ. ಟ್ಯಾಂಕರ್ ನೀರಿಗೂ ಇದೇ ಉಪಚಾರ ಇರಲಿ. ಪೀಣ್ಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಲೋಹಲೇಪನದ ಘಟಕಗಳಿರುವ ಆ ಪ್ರದೇಶದ ಕೆಲವು ಭಾಗಗಳ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಅಧ್ಯಯನಗಳು ದಾಖಲಿಸಿವೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 0.05 ಮಿಲಿಗ್ರಾಮ್. ಸ್ಪಂಜಾಗಲಿ ಬ್ಯಾಕ್ಟೀರಿಯವಾಗಲಿ ಅದನ್ನು ತೆಗೆಯಲಾರವು. ಅಲ್ಲಿ ಪರೀಕ್ಷೆ ಮಾಡಿಸದ ಬಾವಿ ನೀರು ಮೀನಿಗೂ ಬೇಡ, ಮನುಷ್ಯರಿಗಂತೂ ಬೇಡವೇ ಬೇಡ.

ದೊಡ್ಡ ತೊಟ್ಟಿಯ ಪಾಠ

ವೈಟ್‌ಫೀಲ್ಡಿನ ಪಕ್ಕದ ವರ್ತೂರು ಕೆರೆಯೂ ಒಂದು ತೊಟ್ಟಿಯೇ ಅಲ್ಲವೆ? ಬೆಳ್ಳಂದೂರು ಕೆರೆಯ ನೀರು ಅದಕ್ಕೆ ಹರಿದು, ಅಲ್ಲಿಂದ ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ನಗರದ ಕೊಳಚೆಯೊಡನೆ ಬಂದ ನೈಟ್ರೊಜನ್, ಫಾಸ್ಫೇಟುಗಳು ಕೆರೆ ಅರಗಿಸಿಕೊಳ್ಳುವ ಮಿತಿಯನ್ನು ಮೀರಿದವು. 2015ರಲ್ಲಿ ನೊರೆ ರಸ್ತೆಗೆ ಹಾರಿತು. ಬೆಳ್ಳಂದೂರಿನಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ವಾಟರ್ ಹಯಸಿಂತ್ ನೀರನ್ನು ಮುಚ್ಚಿತು. ದಕ್ಷಿಣ ಅಮೆರಿಕದ ಈ ಗಿಡ ಅಲಂಕಾರಕ್ಕೆಂದೇ ಭಾರತಕ್ಕೆ ಬಂದದ್ದು! ಆದ್ದರಿಂದ ಕತ್ತರಿಸಿದ ಗಿಡ, ಬೇಡವಾದ ಮೀನು, ಬಸವನಹುಳು ಯಾವುದನ್ನೂ ಕೆರೆಗೆ, ಚರಂಡಿಗೆ ಬಿಡಬೇಡಿ. ಗಿಡವನ್ನು ಒಣಗಿಸಿ ಗೊಬ್ಬರಕ್ಕೆ ಹಾಕಿ. ಮೀನನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಿ.

ನೀರಿನ ವಿಷಯದಲ್ಲೂ ಸರಳ ತೊಟ್ಟಿ ಮಿತವ್ಯಯಿ. 2024ರ ಬೇಸಗೆಯಲ್ಲಿ ನಗರ ನೀರಿಗೆ ಪರದಾಡಿತು. ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಸಮತೋಲ ಕಂಡ ತೊಟ್ಟಿಗೆ ಹದಿನೈದು ದಿನಕ್ಕೊಮ್ಮೆ 10 ಲೀಟರ್ ಬದಲಿಸಿದರೆ ಸಾಕು. ತೆಗೆದ ನೀರು ನೈಟ್ರೇಟ್ ತುಂಬಿದ ಗೊಬ್ಬರ. ಬಾಲ್ಕನಿಯ ತುಳಸಿಗೆ ಹೋಗಲಿ.

ನೀವೇ ಪರೀಕ್ಷಿಸಿ

ಬೆಳಕು ಹೆಚ್ಚಾಯಿತೋ ಇಲ್ಲವೋ ಎಂದು ತೊಟ್ಟಿಯನ್ನೇ ಕೇಳಬಹುದು. ಪಿಎಚ್ ಪಟ್ಟಿ ಅಥವಾ ದ್ರಾವಣದ ಒಂದು ಸಣ್ಣ ಕಿಟ್ ತನ್ನಿ. ಬೆಳಗ್ಗೆ ದೀಪ ಹತ್ತುವ ಮುನ್ನ ಒಮ್ಮೆ, ರಾತ್ರಿ ದೀಪ ಆರುವ ಮುನ್ನ ಇನ್ನೊಮ್ಮೆ ಅಳೆಯಿರಿ. ಒಂದು ವಾರ ಬರೆದಿಡಿ. ಗಿಡಗಳು ಕಾರ್ಬನ್ ಡೈಆಕ್ಸೈಡ್ ಹೀರಿದಂತೆ ಪಿಎಚ್ ಏರುತ್ತದೆ. ನೀರಿನ ಕ್ಷಾರೀಯತೆ ಬದಲಾಗದಿದ್ದಲ್ಲಿ, ಪಿಎಚ್ 7.4ರಿಂದ 8.4ಕ್ಕೆ ಏರಿತೆಂದರೆ ಕಾರ್ಬನ್ ಡೈಆಕ್ಸೈಡ್ ಹತ್ತರಲ್ಲೊಂದು ಪಾಲಿಗೆ ಇಳಿದಿದೆ ಎಂದರ್ಥ. ಆಗ ದೀಪದ ಅವಧಿಯನ್ನು ಒಂದು ಗಂಟೆ ಇಳಿಸಿ, ಮತ್ತೊಂದು ವಾರ ಅಳೆಯಿರಿ. ಏರಿಕೆ ಅಲ್ಪವಾಗಿದ್ದು, ಗಿಡಗಳು ಹೊಸ ಎಲೆ ಬಿಡುತ್ತಿದ್ದು, ಗಾಜು ಸ್ವಚ್ಛವಾಗಿದ್ದರೆ ನಿಮ್ಮ ಬೆಳಕು ಸರಿಯಾಗಿದೆ. ಮತ್ತೊಂದು ದೀಪ ಕೊಳ್ಳುವ ಮೊದಲು ಈ ಒಂದು ವಾರದ ಪರೀಕ್ಷೆ ಮಾಡಿ ನೋಡಿ.